ಅರ್ಜಿಯೊಳಗಿನ ‘ಹೇಳು’: ರಾಯಚೂರಿನ ಒಂದು ಅರ್ಜಿ ಬರೆಯುವ ಅಂಗಡಿಯ ಬಗ್ಗೆ

ರಾಯಚೂರಿನಲ್ಲಿ ತಹಶೀಲ್ದಾರರ ಕಚೇರಿಯ ಆಸುಪಾಸಿನ ಜೆರಾಕ್ಸ್ ಅಂಗಡಿಗಳ ಸಾಲಿನಲ್ಲಿ, ಒಂದು ಮೇಜು, ಎರಡು ಬೆಂಚು, ಒಂದು ಹಳೆಯ ಕಂಪ್ಯೂಟರು ಮಾತ್ರ ಇರುವ ಇಕ್ಕಟ್ಟಾದ ಮಳಿಗೆಯೊಂದಿದೆ. ಅಲ್ಲಿ ಹಿರಿಯರೊಬ್ಬರು ಅರ್ಜಿ, ತಕರಾರು, ದೂರು, ಮಾಹಿತಿ ಹಕ್ಕಿನ ಮನವಿ ಮೊದಲಾದವನ್ನು ಬರೆದುಕೊಡುತ್ತಾರೆ. ಅಂಗಡಿಗೆ ಹೆಸರಿನ ಫಲಕವಿಲ್ಲ. ಜನ ಅವರನ್ನು ‘ರೈಟರ್ ಸಾಹೇಬ್ರ’ ಎಂದೇ ಕರೆಯುತ್ತಾರೆ, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಇಂಥ ಅಂಗಡಿಗಳು ಎಲ್ಲ ತಾಲ್ಲೂಕು ಕೇಂದ್ರಗಳಲ್ಲಿಯೂ ಇವೆ. ಆದರೂ ಇದೊಂದರ ಬಗ್ಗೆಯೇ ಬರೆಯಬೇಕೆನಿಸಿದ್ದಕ್ಕೆ ಕಾರಣ, ಬಂದವರು ‘ಹೇಳೀನ್ರಿ’, ‘ಅಂದಾರ್ರಿ’, ‘ಅಂತ’, ‘ಅಂತೆ’ ಎಂದು ಆಡುವ ಮಾತುಗಳಲ್ಲಿ ಯಾವುದರ ಅರ್ಥವೇನು ಎಂದು ಇಲ್ಲಿ ವಿಚಾರಿಸಿ, ಅದಕ್ಕೆ ತಕ್ಕ ಕ್ರಿಯಾಪದವನ್ನು ಕಾಗದಕ್ಕೆ ಇಳಿಸುತ್ತಾರೆ ಎಂಬುದು. ಹೊರಗಿನಿಂದ ನೋಡಿದವರಿಗೆ ಇದು ವ್ಯಾಕರಣದ ಕಾಳಜಿಯಂತೆ ಕಂಡೀತು. ಅರ್ಜಿದಾರನಿಗೆ ಮಾತ್ರ ಅದು ತನ್ನ ಕೆಲಸ ಆಗುವುದೋ ಇಲ್ಲವೋ ಎಂಬ ಪ್ರಶ್ನೆ.

ಕಚೇರಿಯಲ್ಲಿ ಅರ್ಜಿ ಓದುವ ಗುಮಾಸ್ತರ ಮುಂದೆ ಅರ್ಜಿದಾರನ ಮುಖವಿರುವುದಿಲ್ಲ, ಧ್ವನಿಯಿರುವುದಿಲ್ಲ. ಅವನು ಏನನ್ನು ತಾನೇ ಕಂಡ, ಏನನ್ನು ಇನ್ನೊಬ್ಬರಿಂದ ಕೇಳಿದ, ಯಾರಿಗೆ ಏನು ಹೇಳಿದ, ಅವರು ಅದಕ್ಕೆ ಏನೆಂದು ಉತ್ತರ ಕೊಟ್ಟರು ಎಂಬುದೆಲ್ಲವೂ ವಾಕ್ಯದ ಕೊನೆಯ ಕ್ರಿಯಾಪದದಿಂದಲೇ ಅವರಿಗೆ ತಿಳಿಯಬೇಕು. ಮಾತಿನಲ್ಲಿ ಕೈಯ ಸನ್ನೆಯೂ ದನಿಯ ಏರಿಳಿತವೂ ಸೇರಿ ‘ಹೇಳಿದೆ’ ಎಂಬ ಒಂದೇ ಪದ ಹತ್ತು ಅರ್ಥಗಳನ್ನು ಹೊತ್ತುಕೊಂಡು ನಡೆಯುತ್ತದೆ. ಕಾಗದದ ಮೇಲೆ ಆ ಹತ್ತರಲ್ಲಿ ಯಾವುದೆಂದು ಬರೆಯುವವರೇ ತೀರ್ಮಾನಿಸಬೇಕಾಗುತ್ತದೆ.

ನಾನು ಅಲ್ಲಿಗೆ ಮೊದಲು ಹೋದದ್ದು ನಮ್ಮ ಸೋದರತ್ತೆಯ ಪಹಣಿಯ ಕೆಲಸಕ್ಕೆ. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು ಇರುತ್ತದೆ. ಅಲ್ಲಿ ಅತ್ತೆಯ ಹೆಸರು ‘ಈರಮ್ಮ’ ಎಂದೂ ಆಧಾರ್ ಕಾರ್ಡಿನಲ್ಲಿ ‘ವೀರಮ್ಮ’ ಎಂದೂ ಇದ್ದುದರಿಂದ ಬ್ಯಾಂಕಿನ ಕೆಲಸ ನಿಂತುಹೋಗಿತ್ತು. ಅತ್ತೆ ಬೆಂಚಿನ ಮೇಲೆ ಕುಳಿತು, “ನನ್ನ ಹೆಸರು ತಪ್ಪು ಬರದಾರ್ರಿ” ಎಂದು ಶುರುಮಾಡಿದರು. ರೈಟರ್ ಸಾಹೇಬರು ಕೇಳಿದ ಮೊದಲ ಪ್ರಶ್ನೆ, “ಯಾರು ಬರದಾರಂತ ನಿಮಗ ಗೊತ್ತೈತೇನವ್ವಾ?” ಎಂಬುದಾಗಿತ್ತು. ಗೊತ್ತಿರಲಿಲ್ಲ. ಅರ್ಜಿಯಲ್ಲಿ ಅವರು ‘ತಪ್ಪಾಗಿ ಬರೆದಿದ್ದಾರೆ’ ಎಂದು ಬರೆಯಲಿಲ್ಲ. ‘ಪಹಣಿಯ ಕಾಲಂ 9ರಲ್ಲಿ ಈರಮ್ಮ ಎಂದು ನಮೂದಾಗಿದೆ, ನನ್ನ ಹೆಸರು ವೀರಮ್ಮ ಎಂದಿರುತ್ತದೆ’ ಎಂದು ಬರೆದರು. ಮೊದಲನೆಯ ವಾಕ್ಯ ಯಾರೋ ಒಬ್ಬರ ಮೇಲೆ ಹೊರೆ ಹಾಕುತ್ತದೆ, ಅದನ್ನು ಓದಿದ ಕಚೇರಿಯವರು ಮೊದಲು ತಮ್ಮವರನ್ನು ಸಮರ್ಥಿಸಿಕೊಳ್ಳಲು ನೋಡುತ್ತಾರೆ. ಎರಡನೆಯದು ದಾಖಲೆ ಏನೆನ್ನುತ್ತದೆ, ಅರ್ಜಿದಾರರು ಏನೆನ್ನುತ್ತಾರೆ ಎಂಬ ಎರಡನ್ನು ಮಾತ್ರ ಪಕ್ಕಪಕ್ಕದಲ್ಲಿ ಇಡುತ್ತದೆ. ಆ ಒಂದು ವಾಕ್ಯ ನೋಡಿದ ಮೇಲೆ ನನಗೆ ಈ ಅಂಗಡಿಯ ಬೆಂಚಿನ ಮೇಲೆ ಇನ್ನಷ್ಟು ಹೊತ್ತು ಕುಳಿತು ಕೇಳಬೇಕೆನಿಸಿತು. ಆಮೇಲೆ ಪರಿಚಿತರನ್ನು ಕರೆದುಕೊಂಡು ಹೋದಾಗಲೆಲ್ಲ ಹಾಗೆಯೇ ಕುಳಿತು ಕೇಳಿದ್ದೇನೆ.

‘ಅನ್ನು’ ಮತ್ತು ‘ಹೇಳು’ ಎಂಬ ಎರಡು ಕ್ರಿಯಾಪದಗಳನ್ನು ನಾವು ದಿನವೂ ಬೇರ್ಪಡಿಸದೆ ಬಳಸುತ್ತೇವೆ ಎಂದು ತೋರಿದರೂ ಅವು ಒಂದೇ ಅಲ್ಲ. ‘ಅನ್ನು’ ಅಥವಾ ‘ಎನ್ನು’ ಆಡಿದ ಮಾತನ್ನೇ ತನ್ನ ಹಿಂದೆ ಎಳೆದುಕೊಂಡು ಬರುತ್ತದೆ: ‘ಬರುವುದಿಲ್ಲ ಎಂದ’ ಎನ್ನುವಾಗ ಅವನ ಬಾಯಿಂದ ಬಂದ ಮಾತೇ ನಮ್ಮ ಮುಂದಿರುತ್ತದೆ. ‘ಹೇಳು’ ಮಾತಿಗಷ್ಟೇ ಅಂಟಿಕೊಂಡಿಲ್ಲ. ವಿಷಯವನ್ನು ಹೇಳಬಹುದು, ಕಥೆಯನ್ನು ಹೇಳಬಹುದು, ಕಾರಣವನ್ನು ಹೇಳಬಹುದು, ಮತ್ತು ಸಾಮಾನ್ಯವಾಗಿ ಅದಕ್ಕೆ ಕೇಳುವವನೊಬ್ಬ ಇರುತ್ತಾನೆ. ‘ಕಾರಣ ಹೇಳಿದ’ ಎನ್ನುವುದು ಸರಿ. ‘ಕಾರಣ ಅಂದ’ ಎನ್ನುವುದು ಕನ್ನಡವಲ್ಲ. ಇನ್ನು ನಮ್ಮ ಭಾಗದ ಮಾತಿನಲ್ಲಿ ‘ನನಗ ಅಂದಾನ್ರಿ’ ಎಂದರೆ ‘ನನ್ನನ್ನು ಬೈದ, ಚುಚ್ಚಿ ಮಾತಾಡಿದ’ ಎಂದೇ ಅರ್ಥ. ‘ಎಲ್ಲಾರ ಮುಂದ ಅನ್ನಿಸಿಕೊಂಡೆ’ ಎಂಬಲ್ಲಿಯೂ ಅದೇ ನೋವು ಇದೆ. ಈ ಅರ್ಥ ಗೊತ್ತಿಲ್ಲದೆ ಅದನ್ನು ‘ನನಗೆ ಹೇಳಿದನು’ ಎಂದು ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಟ್ಟರೆ ದೂರಿನ ಜೀವವೇ ಹೋಗುತ್ತದೆ. ಈ ಅಂಗಡಿಯಲ್ಲಿ ಹಾಗಾಗುವುದನ್ನು ನಾನು ನೋಡಿಲ್ಲ.

ಹೆಚ್ಚು ತೊಡಕು ಬರುವುದು ‘ಹೇಳು’ ಎಂಬುದರಿಂದಲೇ. ‘ನಾಳೆ ಬರಾಕ ಹೇಳ್ಯಾರ’ ಎಂಬುದು ಒಂದು ಆಜ್ಞೆ. ‘ನಾಳೆ ಬರ್ತೀನಂತ ಹೇಳ್ಯಾರ’ ಎಂಬುದು ಒಂದು ಭರವಸೆ. ‘ನಾಳೆ ಬರ್ತಾರಂತ ಹೇಳ್ಯಾರ’ ಎಂಬುದು ಮೂರನೆಯವರ ಬಗ್ಗೆ ಕೊಟ್ಟ ಸುದ್ದಿ. ಮೂರರಲ್ಲಿಯೂ ಕ್ರಿಯಾಪದ ಒಂದೇ. ಭೂಮಾಪಕರಿಗಾಗಿ ಕಾದು ಬಂದ ರೈತರೊಬ್ಬರು ಮೂರನ್ನೂ ಬೆರೆಸಿ ಮಾತಾಡುತ್ತಿದ್ದಾಗ, ರೈಟರ್ ಸಾಹೇಬರು ಪೆನ್ನು ಕೆಳಗಿಟ್ಟು, “ನಿಮಗ ಬಾ ಅಂದ್ರೋ, ತಾವ ಬರ್ತೀವಿ ಅಂದ್ರೋ?” ಎಂದು ಕೇಳಿದರು. ಉತ್ತರದ ಮೇಲೆ ಅರ್ಜಿಯ ದಿಕ್ಕೇ ಬದಲಾಯಿತು. ಬರಲು ಹೇಳಿದ್ದರೆ ಹೋಗಬೇಕಾದವರು ರೈತರು. ತಾವೇ ಬರುವುದಾಗಿ ಹೇಳಿದ್ದರೆ ಬಾರದಿದ್ದುದಕ್ಕೆ ಕಾರಣ ಕೊಡಬೇಕಾದವರು ಅಳತೆಯವರು. ಮೊದಲನೆಯದಕ್ಕೆ ‘ಸೂಚಿಸಿದ್ದರು’ ಎಂದೂ ಎರಡನೆಯದಕ್ಕೆ ‘ಭರವಸೆ ನೀಡಿದ್ದರು’ ಎಂದೂ ಅವರು ಬರೆಯುತ್ತಾರೆ. ಅಂದು ಬರೆದದ್ದು ಎರಡನೆಯದನ್ನು.

‘ಹೇಳು’ ಎಂಬುದಕ್ಕೆ ಬಾಲವೊಂದು ಸೇರಿದರೆ ಅರ್ಥ ಇನ್ನೂ ದೂರ ಹೋಗುತ್ತದೆ. ‘ಹೇಳಿಕೊಂಡೆ’ ಎಂದರೆ ನನ್ನ ಕಷ್ಟವನ್ನು ತೋಡಿಕೊಂಡೆ ಎಂದು. ಆದರೆ ‘ಅವನು ಮಾಲೀಕನೆಂದು ಹೇಳಿಕೊಳ್ಳುತ್ತಾನೆ’ ಎಂದರೆ ಆ ಮಾತನ್ನು ನಾನು ನಂಬಿಲ್ಲ ಎಂದು. ‘ಹೇಳಿಕೊಡು’ ಎಂದರೆ ಶಾಲೆಯಲ್ಲಿ ಕಲಿಸುವುದು, ಸಾಕ್ಷಿಯ ಮಾತು ಬಂದಾಗ ಮಾತ್ರ ಯಾರೋ ಕಲಿಸಿದ್ದನ್ನು ಒಪ್ಪಿಸುವುದು ಎಂಬ ಕೆಟ್ಟ ಅರ್ಥ ಅದಕ್ಕೆ ಬಂದುಬಿಡುತ್ತದೆ. ‘ಹೇಳಿ ಕಳಿಸಿದರು’ ಎಂದರೆ ಕರೆಸಿದರು. ‘ಹೇಳಿಸಿದೆ’ ಎಂದರೆ ದೊಡ್ಡವರ ಕಡೆಯಿಂದ ಶಿಫಾರಸು ಮಾಡಿಸಿದೆ. ಈ ಕೊನೆಯದನ್ನು ಬಹಳ ಜನ ಅರ್ಜಿಯಲ್ಲಿ ಸೇರಿಸಬೇಕೆಂದು ಬಯಸುತ್ತಾರೆ, ತಮ್ಮ ಮಾತಿಗೆ ತೂಕ ಬಂದೀತೆಂದು. ರೈಟರ್ ಸಾಹೇಬರು ಅದನ್ನು ಬರೆಯಲು ಒಪ್ಪುವುದಿಲ್ಲ. ಶಿಫಾರಸಿನ ಮಾತು ಕಾಗದಕ್ಕೆ ಬಂದರೆ ಅದು ಅರ್ಜಿದಾರನ ಹಕ್ಕನ್ನು ಗಟ್ಟಿ ಮಾಡುವುದಿಲ್ಲ, ಹಕ್ಕೇ ಇರಲಿಲ್ಲವೇನೋ ಎಂಬ ಸಂಶಯವನ್ನು ಹುಟ್ಟಿಸುತ್ತದೆ ಎಂಬುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ.

ನಾನು ಈ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ‘ಅಂತೆ’ಯನ್ನು ಅವರು ನಡೆಸಿಕೊಳ್ಳುವ ರೀತಿ. ಕನ್ನಡದಲ್ಲಿ ತಾನು ಕಂಡಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಗೆರೆ ಎಳೆಯುವ ಕೆಲಸವನ್ನು ಈ ಎರಡಕ್ಷರ ಮಾಡುತ್ತದೆ: ‘ಮಳೆ ಬಂತು’ ಎಂದವನು ನೆನೆದಿದ್ದಾನೆ, ‘ಮಳೆ ಬಂತಂತೆ’ ಎಂದವನು ಸುದ್ದಿ ಕೇಳಿದ್ದಾನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗ ನಮ್ಮ ಜಿಲ್ಲೆಯಲ್ಲಿದೆ. ಕೊನೆ ಭಾಗದ ಹೊಲಗಳಿಗೆ ನೀರು ಮುಟ್ಟಲಿಲ್ಲವೆಂಬ ಅರ್ಜಿ ಇಲ್ಲಿನವರಿಗೆ ಹೊಸದಲ್ಲ. ಅಂಥ ಅರ್ಜಿ ಬರೆಸಲು ಬಂದವರು ಸಾಮಾನ್ಯವಾಗಿ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ: “ನಮ್ಮ ಹೊಲಕ್ಕ ನೀರು ಬಂದಿಲ್ರಿ, ಮ್ಯಾಲಿನವ್ರು ಮೋಟ್ರು ಹಚ್ಚಿ ಎತ್ತಾಕತ್ಯಾರಂತ್ರಿ.” ಮೊದಲನೆಯದು ಅವರು ಕಣ್ಣಾರೆ ಕಂಡದ್ದು, ಎರಡನೆಯದು ಯಾರೋ ಅಂದದ್ದು. ಅವಸರದಲ್ಲಿ ಬರೆಯುವವರು ಅಂತೆಯನ್ನು ಬಿಟ್ಟು ‘ಮೇಲ್ಭಾಗದ ರೈತರು ಅಕ್ರಮವಾಗಿ ನೀರು ಎತ್ತುತ್ತಿದ್ದಾರೆ’ ಎಂದು ಬರೆದುಬಿಡುತ್ತಾರೆ. ಆಗ ವಿಚಾರಣೆಯಲ್ಲಿ “ನೀವು ನೋಡಿದ್ದೀರಾ?” ಎಂಬ ಪ್ರಶ್ನೆ ಬಂದರೆ ಅರ್ಜಿದಾರ ತಡವರಿಸುತ್ತಾನೆ, ಅವನ ಮೊದಲ ಮಾತೂ ಸುಳ್ಳೆನಿಸಿಕೊಳ್ಳುತ್ತದೆ.

ರೈಟರ್ ಸಾಹೇಬರು ಇಲ್ಲಿ ವಾಕ್ಯವನ್ನು ಒಡೆಯುತ್ತಾರೆ. ‘ಹಂಗಾಮು ಆರಂಭವಾದಂದಿನಿಂದ ನನ್ನ ಜಮೀನಿಗೆ ಕಾಲುವೆ ನೀರು ಬಂದಿರುವುದಿಲ್ಲ’ ಎಂಬುದು ಒಂದು ವಾಕ್ಯ. ‘ಮೇಲ್ಭಾಗದಲ್ಲಿ ಮೋಟಾರು ಅಳವಡಿಸಿ ನೀರು ಎತ್ತಲಾಗುತ್ತಿದೆ ಎಂದು ಗ್ರಾಮಸ್ಥರಿಂದ ತಿಳಿದುಬಂದಿದ್ದು, ಸ್ಥಳ ಪರಿಶೀಲನೆ ನಡೆಸಬೇಕೆಂದು ಕೋರುತ್ತೇನೆ’ ಎಂಬುದು ಇನ್ನೊಂದು. ಎರಡನೆಯದರಲ್ಲಿ ‘ತಿಳಿದುಬಂದಿದ್ದು’ ಎಂಬುದು ಅಂತೆಯ ಕೆಲಸವನ್ನು ಕಚೇರಿಯ ಕನ್ನಡದಲ್ಲಿ ಮಾಡುತ್ತದೆ, ಜೊತೆಗೆ ಯಾರಿಂದ ಎಂಬುದನ್ನೂ ಹೇಳುತ್ತದೆ. ಬರಿಯ ಅಂತೆಗೆ ಆ ಕೊನೆಯ ಶಕ್ತಿಯಿಲ್ಲ. ಮೌಖಿಕ ಸಾಕ್ಷ್ಯ ನೇರವಾದದ್ದಾಗಿರಬೇಕು, ಅಂದರೆ ಕಂಡ ಸಂಗತಿಯನ್ನು ಕಂಡವರೇ, ಕೇಳಿದ್ದನ್ನು ಕೇಳಿದವರೇ ಹೇಳಬೇಕು ಎಂಬುದು 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ನಿಯಮ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಮುಂದುವರಿದಿದೆ. ಅರ್ಜಿ ಸಾಕ್ಷ್ಯವಲ್ಲ, ನಿಜ. ಆದರೆ ನಾಳೆ ವಿವಾದ ಬೆಳೆದರೆ ಇದೇ ಕಾಗದವನ್ನು ಅರ್ಜಿದಾರನ ಮುಂದೆ ಹಿಡಿದು ಪ್ರಶ್ನೆ ಕೇಳುತ್ತಾರೆ. ಇಂಥ ಮುನ್ನೋಟವಿರುವ ಬರಹಗಾರರು ಊರಿಗೊಬ್ಬರಾದರೂ ಇರಬೇಕು.

‘ಮಾತಾಡು’ ಎಂಬುದನ್ನು ಅವರು ಅರ್ಜಿಯಲ್ಲಿ ಬಹುಮಟ್ಟಿಗೆ ಬಳಸುವುದೇ ಇಲ್ಲ. ‘ಸಾಹೇಬರ ಹತ್ತಿರ ಮಾತಾಡೀನ್ರಿ’ ಎಂಬಲ್ಲಿ ಮಾತು ನಡೆದದ್ದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ‘ತಿಳಿಸು’ ಎಂಬುದನ್ನು ಬಳಸುವಾಗ ಒಂದು ಷರತ್ತಿದೆ. ‘ಹೇಳಿದ್ದೇನೆ’ ಎಂದರೆ ನನ್ನ ಬಾಯಿಂದ ಮಾತು ಹೊರಟಿತು ಎಂದಷ್ಟೇ ಆಯಿತು. ‘ತಿಳಿಸಿದ್ದೇನೆ’ ಎಂದರೆ ಅದು ಅವರಿಗೆ ಮುಟ್ಟಿದೆ, ಅವರಿಗೆ ಈಗ ಗೊತ್ತಿದೆ ಎಂದು ನಾನು ಹೇಳಿದಂತಾಯಿತು. ಆದ್ದರಿಂದ ಹಿಂದಿನ ಅರ್ಜಿಯ ಸ್ವೀಕೃತಿ ಚೀಟಿಯೋ ಅಂಚೆಯ ರಸೀದಿಯೋ ಇದ್ದರೆ ಮಾತ್ರ ‘ದಿನಾಂಕ ಇಂಥದ್ದರಂದು ಲಿಖಿತವಾಗಿ ತಿಳಿಸಿರುತ್ತೇನೆ’ ಎಂದು ಬರೆದು, ಚೀಟಿಯ ಪ್ರತಿಯನ್ನು ಲಗತ್ತಿಸುತ್ತಾರೆ. ಇಲ್ಲದಿದ್ದರೆ ‘ಮೌಖಿಕವಾಗಿ ಹೇಳಿರುತ್ತೇನೆ’ ಎಂಬುದಕ್ಕೆ ನಿಲ್ಲುತ್ತಾರೆ. ಇದನ್ನು ಅವರು ಯಾರಿಗೂ ಪಾಠದಂತೆ ವಿವರಿಸುವುದಿಲ್ಲ, “ಚೀಟಿ ಐತೇನು?” ಎಂದು ಕೇಳಿ, ಉತ್ತರ ನೋಡಿಕೊಂಡು ಬರೆಯುತ್ತಾರೆ.

ಜಗಳದ ದೂರುಗಳಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿ’ ಎಂಬ ಮಾತನ್ನು ಯಾರಾದರೂ ಓದಿಯೇ ಇರುತ್ತಾರೆ. ಅದು ಅಷ್ಟು ಬಳಕೆಯಾಗಿದೆ. ಆಡಬಾರದ ಮಾತು ಎಂದು ಹೇಳಿ, ಆಡಿದ ಮಾತು ಯಾವುದೆಂಬುದನ್ನು ಅದು ಮುಚ್ಚಿಡುತ್ತದೆ. ಬೈಗುಳದ ದೂರಿನಲ್ಲಿ ಆ ಮಾತುಗಳೇ ಮುಖ್ಯವಾಗಿರುವಾಗ, ಅವು ಬೆದರಿಕೆಯೋ ಜಾತಿ ಹಿಡಿದು ಆಡಿದ ನಿಂದೆಯೋ ಬರಿಯ ಕೋಪದ ಕೂಗೋ ಎಂಬುದರ ಮೇಲೆ ಮುಂದಿನ ಕ್ರಮವೆಲ್ಲ ನಿಂತಿರುವಾಗ, ಈ ಸಿದ್ಧ ಪದಗುಚ್ಛ ದೂರುದಾರನಿಗೇ ಅನ್ಯಾಯ ಮಾಡುತ್ತದೆ. ಇಲ್ಲಿ ರೈಟರ್ ಸಾಹೇಬರು ಒಂದು ಸೂಕ್ಷ್ಮವನ್ನು ಪಾಲಿಸುತ್ತಾರೆ. ಗಂಡಸರು ಬಂದರೆ ಆಡಿದ ಮಾತನ್ನು ಹಾಗೆಯೇ ಹೇಳಿಸಿ, ಅದನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಮುಂದೆ ‘ಎಂದು ಬೈದಿರುತ್ತಾರೆ’ ಎಂದು ಬರೆಯುತ್ತಾರೆ. ಹೆಣ್ಣುಮಕ್ಕಳಿಗೆ ಬೆಂಚಿನ ಮೇಲೆ ನಾಲ್ಕು ಜನರ ಮುಂದೆ ಆ ಮಾತನ್ನು ಬಾಯಿಬಿಟ್ಟು ಆಡಲು ಆಗುವುದಿಲ್ಲವೆಂದು ತಿಳಿದು, ಒಂದು ಹಾಳೆ ಕೊಟ್ಟು, “ತಂಗೀ, ನೀವ ಬರೀರಿ, ನಾ ಅದರ ಹಿಂದ ಮುಂದ ಸೇರಿಸ್ತೀನಿ” ಎನ್ನುತ್ತಾರೆ. ಬರೆಯಲು ಬಾರದವರಿದ್ದರೆ ಜೊತೆಗೆ ಬಂದ ಹೆಂಗಸರಿಗೆ ಆ ಕೆಲಸ ವಹಿಸುತ್ತಾರೆ.

ಇಷ್ಟು ಎಚ್ಚರವುಳ್ಳವರು ಅರ್ಜಿಯ ಮೊದಲ ಸಾಲಿಗೆ ಬಂದಾಗ ಮಾತ್ರ ಹಳೆಯ ರೂಢಿಗೆ ಶರಣಾಗುತ್ತಾರೆ, ಇದು ನನ್ನ ತಕರಾರು. ‘ಮಾನ್ಯರಲ್ಲಿ ವಿನಮ್ರಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ’ ಎಂಬ ಆರಂಭವಿಲ್ಲದ ಅರ್ಜಿ ಅವರ ಕೈಯಿಂದ ಹೊರಬೀಳುವುದಿಲ್ಲ. ‘ನಿವೇದಿಸು’ ಎಂದರೆ ತಿಳಿಯಪಡಿಸು, ಒಪ್ಪಿಸು; ದೇವರ ಮುಂದಿಡುವ ನೈವೇದ್ಯವೂ ಅದೇ ಧಾತುವಿನಿಂದ ಬಂದದ್ದು. ಅದಕ್ಕಿಂತ ಹಿಂದೆ ಕನ್ನಡದ ಶಾಸನಗಳಲ್ಲಿ ‘ಬಿನ್ನಪಂಗೆಯ್’, ‘ಬಿನ್ನವಿಸು’ ಎಂಬ ರೂಪಗಳು ಇದೇ ಕೆಲಸಕ್ಕೆ ಇದ್ದವು. ದೊರೆಯ ಮುಂದೆ ನಿಂತ ಪ್ರಜೆಗೆ ಆ ಕ್ರಿಯಾಪದ ಒಪ್ಪುತ್ತಿತ್ತು. ತನ್ನದೇ ಹೊಲದ ಪಹಣಿಯಲ್ಲಿ ತನ್ನದೇ ಹೆಸರನ್ನು ಸರಿಪಡಿಸಿಕೊಳ್ಳಲು ಬಂದ ನಾಗರಿಕಳು ಏನನ್ನೂ ನೈವೇದ್ಯದಂತೆ ಅರ್ಪಿಸುತ್ತಿಲ್ಲ. ‘ಈ ಕೆಳಗಿನ ವಿಷಯವನ್ನು ತಿಳಿಸುತ್ತೇನೆ’ ಎಂದರೆ ಸಾಕು, ಅದರಲ್ಲಿ ಅವಿನಯವೇನೂ ಇಲ್ಲ. ಈ ಮಾತನ್ನು ನಾನು ಅವರಿಗೆ ಹೇಳಿದೆ. ಕಚೇರಿಯವರ ಕಣ್ಣಿಗೆ ಪರಿಚಿತವಾದ ಸಾಲು ಮೊದಲಿಗೆ ಇದ್ದರೆ ಮುಂದಿನದನ್ನು ಓದುತ್ತಾರೆ, ಇಲ್ಲದಿದ್ದರೆ ಇವರೇನು ಜೋರು ಮಾಡಲು ಬಂದಿದ್ದಾರೋ ಎಂದುಕೊಳ್ಳುತ್ತಾರೆ ಎಂದು ಅವರು ಉತ್ತರಿಸಿದರು. ಅನುಭವದ ಮಾತಿರಬಹುದು, ನನಗೆ ಒಪ್ಪಿಗೆಯಾಗಲಿಲ್ಲ.

ಆಡುವವನ ಸ್ಥಾನಕ್ಕೆ ತಕ್ಕಂತೆ ಹೇಳುವ ಕ್ರಿಯಾಪದ ಬದಲಾಗುವುದು ನಮ್ಮ ಭಾಗದ ಅತಿ ಹಳೆಯ ಬರಹದಲ್ಲಿಯೇ ಕಾಣುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನ ರಾಜನ ಹೆಸರನ್ನೇ ಹೇಳುವುದರಿಂದ ಪ್ರಸಿದ್ಧವಾಯಿತು. ಅದೇ ಶಾಸನದ ಇನ್ನೊಂದು ಪ್ರತಿ ಕೊಪ್ಪಳದ ಗವಿಮಠದ ಬಳಿ ಇದೆ. ಅಲ್ಲಿ ಪ್ರಾಕೃತದಲ್ಲಿ ‘ದೇವಾನಾಂಪಿಯೆ ಆಹ’, ಅಂದರೆ ದೇವಾನಾಂಪ್ರಿಯನು (ಇದು ಅಶೋಕನ ಬಿರುದು) ಹೇಳುತ್ತಾನೆ ಎಂಬ ಆರಂಭವಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಾದರೋ ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನ ಮೇರೆಗೆ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆ ಸಂದೇಶದಲ್ಲಿ, ಕುಶಲ ಪ್ರಶ್ನೆಯ ನಂತರ ‘ಆಣಪಯತಿ’, ಅಂದರೆ ಆಜ್ಞಾಪಿಸುತ್ತಾನೆ ಎಂದಿದೆ. ವಿಷಯ ಒಂದೇ, ಅಧಿಕಾರಿಗಳ ಕೈಗೆ ಹೋಗುವಾಗ ‘ಹೇಳುತ್ತಾನೆ’ ಎಂಬುದು ‘ಆಜ್ಞಾಪಿಸುತ್ತಾನೆ’ ಎಂದಾಯಿತು. ಬರೆಯುವವನು ಕ್ರಿಯಾಪದವನ್ನು ಆರಿಸುವ ಕೆಲಸ ಈ ಬಂಡೆಗಳಷ್ಟು ಹಳೆಯದು.

ಕೋರಿಕೆಯ ಭಾಗದಲ್ಲಿ ಅವರು ಆರಂಭದ ಸಾಲಿಗಿಂತ ಹೆಚ್ಚು ವಿವೇಚನೆ ತೋರುತ್ತಾರೆ. ಜಾತಿ, ಆದಾಯ ಪ್ರಮಾಣಪತ್ರಗಳಂಥ ಸೇವೆಗಳು 2011ರ ಸಕಾಲ ಕಾಯ್ದೆಯ ಪ್ರಕಾರ ನಿಗದಿತ ಅವಧಿಯೊಳಗೆ ಸಿಗಬೇಕಾದವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಕೇಳುವ ಅವಕಾಶವೂ ಇದೆ. ಇಂಥವಕ್ಕೆ ‘ಕೋರುತ್ತೇನೆ’ ಎಂದೇ ಬರೆಯುತ್ತಾರೆ. ಬಂದವರು ಕೈಮುಗಿದು ‘ಬೇಡಿಕೊಳ್ಳುತ್ತೇನೆ ಅಂತ ಹಾಕ್ರಿ’ ಎಂದರೂ ಹಾಕುವುದಿಲ್ಲ. ಅಧಿಕಾರಿಯ ವಿವೇಚನೆಗೆ ಬಿಟ್ಟ ಸಹಾಯಧನದಂಥದ್ದಕ್ಕೆ ‘ವಿನಂತಿಸುತ್ತೇನೆ’. ಹಲವರು ಸೇರಿ ಸಹಿ ಮಾಡುವ ಮನವಿಗೆ ‘ಒತ್ತಾಯಿಸುತ್ತೇವೆ’ ಎಂಬುದನ್ನು ಒಪ್ಪುತ್ತಾರೆ, ಒಬ್ಬರೇ ಬರೆಸುವ ಅರ್ಜಿಗೆ ಒಪ್ಪುವುದಿಲ್ಲ.

ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದುವಾಗಿತ್ತು. 1956ರ ನವೆಂಬರ್ 1ರಂದು ಈ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಬೆಂಚಿನ ಮೇಲಿನ ಹಿರಿಯರ ಬಾಯಲ್ಲಿ ‘ಬಯಾನ್ ಕೊಟ್ಟೀನಿ’, ‘ಫಿರ್ಯಾದಿ ಮಾಡೀನಿ’, ‘ದರಖಾಸ್ತು ಹಾಕೀನಿ’ ಎಂಬ ಮಾತುಗಳು ಇನ್ನೂ ಇವೆ. ಬಯಾನ್ ಎಂದರೆ ಬರೀ ಹೇಳಿದ್ದಲ್ಲ, ಅಧಿಕಾರಿಯ ಮುಂದೆ ಹೇಳಿ ಬರೆಸಿದ್ದು. ಆದ್ದರಿಂದ ಆ ಪದ ಬಂದ ಕೂಡಲೇ ರೈಟರ್ ಸಾಹೇಬರು “ಯಾರು ಬರಕೊಂಡ್ರು, ಸಹಿ ಮಾಡಿಸಿಕೊಂಡ್ರೇನು?” ಎಂದು ಕೇಳಿ, ‘ಹೇಳಿಕೆ ನೀಡಿರುತ್ತೇನೆ’ ಎಂದು ಬರೆಯುತ್ತಾರೆ. ‘ಹೇಳಿಕೆ’ಗೂ ‘ಹೇಳಿದ್ದೇನೆ’ಗೂ ಇರುವ ಅಂತರ ಆ ಹಿರಿಯರಿಗೆ ಉರ್ದುವಿನ ಮೂಲಕ ಗೊತ್ತಿದೆ, ಅವರ ಮೊಮ್ಮಕ್ಕಳಿಗೆ ಅದನ್ನು ಕೇಳಿ ತಿಳಿಸಬೇಕಾಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಈ ಅಂಗಡಿಯನ್ನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಜನ ಬರೆಸಲು ಬಯಸುವುದು ‘ನಮ್ಮೂರ ರಸ್ತೆ ಯಾಕೆ ಮಾಡಿಲ್ಲ ಎಂದು ತಿಳಿಸಿ’ ಎಂಬ ಪ್ರಶ್ನೆಯನ್ನು. ಕಚೇರಿಯ ಬಳಿ ದಾಖಲೆಯ ರೂಪದಲ್ಲಿ ಇರುವುದನ್ನು ಮಾತ್ರ ಈ ಕಾಯ್ದೆಯಡಿ ಪಡೆಯಬಹುದಾದ್ದರಿಂದ ‘ಯಾಕೆ’ ಎಂಬುದಕ್ಕೆ ಬರಿಗೈಯ ಉತ್ತರ ಬರುವುದೇ ಹೆಚ್ಚು. ಇಲ್ಲಿ ‘ತಿಳಿಸಿ’ ಎಂಬ ಕ್ರಿಯಾಪದವನ್ನು ತೆಗೆದು, ‘ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ದೃಢೀಕೃತ ಪ್ರತಿಗಳನ್ನು ಒದಗಿಸಿ’ ಎಂದು ಬರೆಯುತ್ತಾರೆ. ಆ ಪ್ರತಿಗಳು ಕೈಗೆ ಬಂದರೆ ಯಾಕೆ ಎಂಬುದಕ್ಕೂ ಉತ್ತರ ಅವುಗಳಲ್ಲಿಯೇ ಸಿಕ್ಕೀತು. ಇನ್ನೊಂದು ಸಂಗತಿಯನ್ನೂ ಅವರು ಬಂದವರಿಗೆ ಹೇಳುತ್ತಾರೆ, ತಮ್ಮ ಸಂಪಾದನೆಗೆ ಅಡ್ಡಿಯಾದರೂ: ಬರೆಯಲು ಆಗದವರು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಎಂದು 2005ರ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಹಾಗೆಯೇ ಕುಂದುಕೊರತೆಗಳನ್ನು ಜನಸ್ಪಂದನದ 1902 ಸಹಾಯವಾಣಿಗೆ ಫೋನಿನಲ್ಲಿ ಹೇಳಿ ನೋಂದಾಯಿಸಬಹುದು ಎಂಬುದನ್ನೂ ತಿಳಿಸುತ್ತಾರೆ.

ಬರೆದು ಮುಗಿಸಿದ ಮೇಲೆ ಓದಿ ಹೇಳುವುದು ಈ ಅಂಗಡಿಯ ಕ್ರಮ. ಸಾಲು ಸಾಲಾಗಿ, ಬೆರಳಿಟ್ಟು, ಕೇಳುವವರ ಮಾತಿಗೆ ತಿರುಗಿಸಿ ಓದುತ್ತಾರೆ. ‘ನಮೂದಾಗಿದೆ’ ಎಂಬಲ್ಲಿ “ಬರಕೊಂಡೈತಿ ಅಂತ” ಎನ್ನುತ್ತಾರೆ, ‘ಭರವಸೆ ನೀಡಿದ್ದರು’ ಎಂಬಲ್ಲಿ “ಬರ್ತೀನಂತ ಮಾತು ಕೊಟ್ಟಿದ್ರು” ಎನ್ನುತ್ತಾರೆ. ಅತ್ತೆ ನಡುವೆ ಒಮ್ಮೆ, “ಅದು ಹಂಗಲ್ರಿ, ಬ್ಯಾಂಕಿನವ್ರು ಆಗಂಗಿಲ್ಲ ಅಂದಿಲ್ಲ, ಸರಿ ಮಾಡಿಸಿಕೊಂಡು ಬರ್ರಿ ಅಂದ್ರು” ಎಂದು ತಡೆದರು. ‘ನಿರಾಕರಿಸಿದ್ದಾರೆ’ ಎಂಬುದು ಹೊಡೆದುಹೋಗಿ ‘ತಿದ್ದುಪಡಿ ಮಾಡಿಸಲು ಸೂಚಿಸಿದ್ದಾರೆ’ ಎಂದಾಯಿತು. ಓದಿ ಹೇಳದಿದ್ದರೆ ಆ ತಪ್ಪು ಹೆಬ್ಬೆಟ್ಟಿನ ಗುರುತಿನೊಂದಿಗೆ ಕಚೇರಿಗೆ ಹೋಗಿರುತ್ತಿತ್ತು. ಪೊಲೀಸ್ ಠಾಣೆಯಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಮಾಹಿತಿಯನ್ನು ಬರೆದುಕೊಂಡು, ಕೊಟ್ಟವರಿಗೆ ಓದಿ ಹೇಳಿ, ಅವರ ಸಹಿ ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ವಿಧಿಸುತ್ತದೆ. ಖಾಸಗಿ ಅರ್ಜಿ ಬರಹಗಾರರಿಗೆ ಅಂಥ ಕಟ್ಟುಪಾಡು ಇಲ್ಲ. ಕ್ರಯಪತ್ರಗಳ ಕೊನೆಯಲ್ಲಿ ‘ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ’ ಎಂಬ ಸಾಲು ಎಷ್ಟೋ ಸಲ ಯಾರೂ ಓದದೆಯೇ ಅಚ್ಚಾಗುತ್ತದೆ. ಇಲ್ಲಿ ಆ ಸಾಲಿನಲ್ಲಿ ಹೇಳಿದ್ದನ್ನು ನಿಜವಾಗಿ ಮಾಡುತ್ತಾರೆ. ನಾನು ಕೊಟ್ಟ ಹಣದಲ್ಲಿ ಹೆಚ್ಚಿನ ಪಾಲು ಈ ಓದಿಗೆ ಸಂದಿತು ಎಂದೇ ಭಾವಿಸುತ್ತೇನೆ.

ಕೊರತೆಗಳೂ ಇವೆ. ಸೋಮವಾರ ಮತ್ತು ಸಂತೆಯ ದಿನ ಜನ ಹೆಚ್ಚಿದ್ದಾಗ ಓದಿ ಹೇಳುವ ಕೆಲಸ ಅವಸರದಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಬೆಂಚಿನ ಮೇಲಿನ ಯಾರಿಗೋ ಅದನ್ನು ವಹಿಸುತ್ತಾರೆ. ಬೇರೆಯವರ ಮನೆಯ ವಿಷಯ ಹೀಗೆ ಹೊರಗಿನವರ ಬಾಯಿಗೆ ಬರುವುದು ಸರಿಯಲ್ಲ. ಗುಟ್ಟಿನ ಮಾತು ಆಡಲು ಬೇರೆ ಜಾಗವಿಲ್ಲ. ಕೈಯಲ್ಲಿ ಬರೆದದ್ದನ್ನು ನುಡಿ ತಂತ್ರಾಂಶದಲ್ಲಿ ಟೈಪು ಮಾಡುವ ಹುಡುಗ ಒತ್ತಕ್ಷರಗಳಲ್ಲಿ ಎಡವುತ್ತಾನೆ, ‘ಹೇಳಿರುತ್ತಾರೆ’ ಎಂಬುದು ‘ಹೇಳಿರುತ್ತೇನೆ’ ಎಂದಾದದ್ದನ್ನು ನಾನೇ ತಿದ್ದಿಸಿದ್ದೇನೆ; ಹೇಳಿದವರು ಯಾರೆಂಬುದೇ ಅಲ್ಲಿ ತಲೆಕೆಳಗಾಗಿತ್ತು. ಆದ್ದರಿಂದ ಕೈಬರಹವನ್ನು ಕೇಳಿದಂತೆ ಟೈಪಾದ ಪ್ರತಿಯನ್ನೂ ಇನ್ನೊಮ್ಮೆ ಓದಿಸಿಕೊಳ್ಳಿ. ವಿವಾದದ ಕಾಗದಗಳ ಪ್ರತಿಯನ್ನು ಅವರು ತಮ್ಮ ಬಳಿ ಇಟ್ಟುಕೊಳ್ಳುವುದಿಲ್ಲ, ಜೆರಾಕ್ಸ್ ನೀವೇ ಮಾಡಿಸಿಕೊಳ್ಳಬೇಕು. ನ್ಯಾಯಾಲಯಕ್ಕೆ ಹೋಗುವ ಕಾಗದಗಳನ್ನು ಅವರು ಬರೆಯುವುದಿಲ್ಲ, ವಕೀಲರ ಬಳಿಗೆ ಕಳುಹಿಸುತ್ತಾರೆ; ಅದು ಕೊರತೆಯಲ್ಲ, ತಮ್ಮ ಮೇರೆ ತಿಳಿದಿರುವುದು.

ಅದೇ ಸಾಲಿನ ಡಿಟಿಪಿ ಅಂಗಡಿಗಳಲ್ಲಿ ಸಿದ್ಧ ನಮೂನೆಯಲ್ಲಿ ಹೆಸರು, ಸರ್ವೆ ನಂಬರು ತುಂಬಿ ಕೆಲವೇ ನಿಮಿಷಗಳಲ್ಲಿ ಅರ್ಜಿ ಮುದ್ರಿಸಿಕೊಡುತ್ತಾರೆ. ವಾಸಸ್ಥಳದ ದೃಢೀಕರಣದಂಥ ಕೆಲಸಕ್ಕೆ ಅಷ್ಟೇ ಸಾಕು, ಅಲ್ಲಿಗೇ ಹೋಗಿ. ಯಾರು ಯಾರಿಗೆ ಏನು ಹೇಳಿದರು ಎಂಬುದು ವಿಷಯದ ತಿರುಳಾಗಿರುವ ಅರ್ಜಿಗೆ, ಅಂದರೆ ಹೊಲದ ಗಡಿಯ ತಕರಾರು, ನೀರಿನ ಸರದಿ, ಕೂಲಿ ಬಾಕಿ, ಕೊಟ್ಟ ಮಾತು ತಪ್ಪಿದ್ದು ಇಂಥವಕ್ಕೆ, ಈ ಅಂಗಡಿಗೆ ಬನ್ನಿ. ಬರೆಸಿದ ದರ ಪುಟದ ಲೆಕ್ಕದಲ್ಲಿರುತ್ತದೆ, ಡಿಟಿಪಿ ಅಂಗಡಿಗಿಂತ ತುಸು ಹೆಚ್ಚು, ಮೊದಲೇ ಹೇಳುತ್ತಾರೆ. ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಹೋದರೆ ಬೆಂಚು ಖಾಲಿಯಿರುತ್ತದೆ. ಹಿಂದಿನ ಅರ್ಜಿಯ ಸ್ವೀಕೃತಿ, ಪಹಣಿಯ ಇತ್ತೀಚಿನ ಪ್ರತಿ, ಆಧಾರ್ ಜೊತೆಗಿರಲಿ. ಯಾರು ಯಾವ ದಿನ ಯಾವ ಮಾತು ಆಡಿದರು ಎಂಬುದನ್ನು ಮನೆಯಲ್ಲಿಯೇ ಒಂದು ಚೀಟಿಯಲ್ಲಿ, ಅವರು ಆಡಿದ ಹಾಗೆಯೇ, ಗುರುತು ಹಾಕಿಕೊಂಡು ಹೋಗಿ.